ಮಾವನವರ ಬೀಜದ ಡಬ್ಬ

ಸಂಕ್ರಾಂತಿ ಹತ್ತಿರ ಬಂತೆಂದರೆ ಊರಿನವರಿಗೆಲ್ಲ ಎಳ್ಳು ಬೆಲ್ಲದ ಚಿಂತೆ, ಕಬ್ಬಿನ ಜಲ್ಲೆಯ ಬೆಲೆಯ ಚಿಂತೆ. ನಮ್ಮ ಮಾವನವರಿಗೆ ಬೀಜದ ಚಿಂತೆ. ಡಿಸೆಂಬರ್ ಕೊನೆಯ ವಾರದಲ್ಲೇ ಅವರ ಬಿಸ್ಕತ್ತಿನ ತಗಡಿನ ಡಬ್ಬ ಫ್ರಿಜ್ಜಿನ ಕೆಳ ಅರೆಯಿಂದ ಹೊರಗೆ ಬರುತ್ತದೆ. ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಇಸ್ಪೀಟು ಎಲೆ ಜೋಡಿಸಿದ ಹಾಗೆ ಪೊಟ್ಟಣಗಳನ್ನು ಸಾಲಾಗಿ ಜೋಡಿಸುತ್ತಾರೆ. ಬೆಂಡೆ, ಹೀರೆ, ಹಾಗಲ, ಟೊಮೆಟೊ, ಚೆಂಡುಹೂವು, ಆಸ್ಟರ್. ಕೆಲವು ಅರ್ಧ ಖಾಲಿ, ಕೆಲವನ್ನು ಒಡೆದೇ ಇರುವುದಿಲ್ಲ. ಆಮೇಲೆ ಹಳೆಯ ಲಕೋಟೆಯ ಹಿಂಬದಿಯಲ್ಲಿ ಹೊಸದಾಗಿ ಕೊಳ್ಳಬೇಕಾದ ಬೀಜಗಳ ಪಟ್ಟಿ ಶುರು. ನಮ್ಮ ತಾರಸಿಯ ಮೇಲೆ ಮೂವತ್ತನಾಲ್ಕು ಕುಂಡಗಳಿವೆ. ಪಟ್ಟಿ ನೋಡಿದರೆ ಮೂರು ಗುಂಟೆ ಜಮೀನು ಇರುವವರ ಪಟ್ಟಿಯಂತಿರುತ್ತದೆ.

“ಮಾವ, ಮೊದಲು ಡಬ್ಬದಲ್ಲಿರೋದು ಖಾಲಿ ಆಗಲಿ” ಎಂದು ಒಂದು ಸಲ ಹೇಳಿದ್ದೆ. “ಸೀರೆ ಬೀರು ಖಾಲಿ ಆದ ಮೇಲೆ ಹೊಸ ಸೀರೆ ತಗೊಳ್ತೀಯೇನಮ್ಮ?” ಎಂದರು. ಆ ವಿಷಯವನ್ನು ನಾನು ಮತ್ತೆ ಎತ್ತಿಲ್ಲ.

ಈ ಚಟ ಅವರೊಬ್ಬರದೇ ಅಲ್ಲ. ಬೆಂಗಳೂರಿನಲ್ಲಿ ಗಿಡ ಬೆಳೆಸುವ ಯಾರನ್ನಾದರೂ ಕೇಳಿ ನೋಡಿ, ಜನವರಿಯಲ್ಲಿ ನರ್ಸರಿಯ ಮುಂದೆ ನಡೆದು ಹೋಗುವಾಗ ಕೈ ತಾನಾಗಿ ಪರ್ಸಿಗೆ ಹೋಗುತ್ತದೆ. ಅದಕ್ಕೆ ಕಾರಣ ನಮ್ಮ ಹವೆ. ರಾತ್ರಿ ಸ್ವೆಟರು ಬೇಕೆನಿಸುವಷ್ಟು ಚಳಿ, ಬೆಳಿಗ್ಗೆ ಇಬ್ಬನಿ, ಹಗಲಿನಲ್ಲಿ ಎಳೆಬಿಸಿಲು. ಗಿಡಗಳಿಗೆ ಇದಕ್ಕಿಂತ ಸುಖ ಬೇರೆ ಇಲ್ಲ. ರಸ್ತೆ ಬದಿಯಲ್ಲಿ ಸಾಲಾಗಿ ಇಟ್ಟ ಪೆಟೂನಿಯ, ಫ್ಲಾಕ್ಸ್, ಡಯಾಂಥಸ್, ಸಾಲ್ವಿಯ ಎಲ್ಲವೂ ಒಂದೇ ಸಲ ನಗುತ್ತ ನಿಂತಿರುತ್ತವೆ. ನಮ್ಮ ಮನೆಗೆ ಬಂದರೂ ಹೀಗೇ ನಗುತ್ತವೆ ಎಂದು ಯಾರಿಗಾದರೂ ಅನ್ನಿಸದಿರದು.

ಸಾಲದ್ದಕ್ಕೆ ಆಗಲೇ ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆ, ವರ್ಷಕ್ಕೆರಡು ಸಲ ಅಲ್ಲಿ ಹೂವಿನ ಜಾತ್ರೆ. ಎಲ್ಲರೂ ಗಾಜಿನ ಮನೆಯೊಳಗೆ ಹೂವಿನ ಅಲಂಕಾರ ನೋಡಲು ನೂಕಾಡುತ್ತಿದ್ದರೆ ಮಾವನವರು ಅದನ್ನು ಹತ್ತು ನಿಮಿಷದಲ್ಲಿ ಮುಗಿಸಿ, ಬೀಜ ಮತ್ತು ಸಸಿ ಮಾರುವ ಮಳಿಗೆಗಳ ಕಡೆ ನಡೆದುಬಿಡುತ್ತಾರೆ. ಅಲ್ಲಿ ಎರಡು ಗಂಟೆ. 2024ರ ಜನವರಿಯಲ್ಲಿ ಪ್ರದರ್ಶನದ ವಿಷಯ ಬಸವಣ್ಣ ಮತ್ತು ವಚನ ಸಾಹಿತ್ಯ. ಆ ವರ್ಷ ನನ್ನ ಮಗ ಎಸ್ಸೆಸ್ಸೆಲ್ಸಿ. ಶಾಲೆಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ತಲೆಯ ಮೇಲಿದ್ದರೂ ತಾತ ಮೊಮ್ಮಗ ಇಬ್ಬರೂ ಹೊರಟು ನಿಂತಿದ್ದರು.

“ಪರೀಕ್ಷೆ ಮುಗಿದ ಮೇಲೆ ಹೋಗಬಹುದಲ್ಲ ಮಾವ?”

“ಪರೀಕ್ಷೆ ಮುಗಿಯೋವರೆಗೂ ಫ್ಲವರ್ ಶೋ ಕಾಯುತ್ತೇನಮ್ಮ? ಅಲ್ಲೂ ವಚನ, ಇವನ ಕನ್ನಡ ಪುಸ್ತಕದಲ್ಲೂ ವಚನ. ಓದಿದ ಹಾಗೇ ಆಯ್ತು.”

ಸಂಜೆ ಇಬ್ಬರೂ ಎರಡು ಕೈಚೀಲ ತುಂಬಿಕೊಂಡು ಬಂದರು. ಹೂ ಬಿಟ್ಟ ಎಂಟು ಪೆಟೂನಿಯ, ಹನ್ನೊಂದು ಪೊಟ್ಟಣ ಬೀಜ. ಅದರಲ್ಲೊಂದು ಸ್ವೀಟ್ ಪೀ. ಪೊಟ್ಟಣದ ಮೇಲಿನ ಚಿತ್ರ ಮಾತ್ರ ಬಹಳ ಚೆನ್ನಾಗಿತ್ತು.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳಬೇಕು. ಪೆಟೂನಿಯ, ಪ್ಯಾನ್ಸಿ, ಫ್ಲಾಕ್ಸ್, ಸ್ವೀಟ್ ಪೀ ಇವೆಲ್ಲ ಒಂದು ಋತುವಿನ ಗಿಡಗಳು. ನಮ್ಮಲ್ಲಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿದರೆ ಡಿಸೆಂಬರ್–ಜನವರಿಗೆ ಹೂ ಕೊಡುತ್ತವೆ, ಬಿಸಿಲು ಏರುತ್ತಿದ್ದಂತೆ ಮುಗಿಯುತ್ತವೆ. ಜನವರಿಯಲ್ಲಿ ಮೈತುಂಬ ಹೂ ಬಿಟ್ಟ ಪೆಟೂನಿಯ ಕೊಳ್ಳುವುದೆಂದರೆ ನಾಟಕದ ಕೊನೆಯ ಅಂಕಕ್ಕೆ ಟಿಕೆಟ್ ತೆಗೆದುಕೊಂಡಂತೆ. ತಪ್ಪೇನಿಲ್ಲ, ಕೊನೆಯ ಅಂಕವೂ ಚೆನ್ನಾಗಿರಬಹುದು. ಆದರೆ ಮಾರುವವರು ಅದನ್ನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದೂ ಇಲ್ಲ. ಬೆಂಡೆ, ಹೀರೆ, ಸೌತೆಗಳ ಮಾತು ಬೇರೆ. ಜನವರಿ–ಫೆಬ್ರವರಿ ಅವುಗಳ ಬೇಸಿಗೆ ಬೆಳೆಯ ಬಿತ್ತನೆಯ ಕಾಲವೇ ಸರಿ, ನೀರಿದ್ದರೆ.

ಆ ‘ನೀರಿದ್ದರೆ’ ಎಂಬ ಮಾತು ಬೀಜದ ಪೊಟ್ಟಣದ ಮೇಲೆ ಎಲ್ಲೂ ಅಚ್ಚಾಗಿರುವುದಿಲ್ಲ. ಮಿಕ್ಕಿದ್ದೆಲ್ಲ ಇರುತ್ತದೆ. 1966ರ ಬೀಜ ಕಾಯಿದೆಯ ಪ್ರಕಾರ ನೂರಕ್ಕೆ ಕನಿಷ್ಠ ಎಷ್ಟು ಬೀಜ ಮೊಳೆಯಬೇಕು ಎಂಬುದು ಚೀಟಿಯ ಮೇಲೆ ಇರಬೇಕು. ಅಂದು ರಾತ್ರಿ ಮಗ ಅದನ್ನು ಜೋರಾಗಿ ಓದುತ್ತ ಕುಳಿತಿದ್ದ. ಬೆಂಡೆಗೆ ಶೇ 65, ಟೊಮೆಟೊಗೆ 70, ಮೆಣಸಿನಕಾಯಿಗೆ 60. “ತಾತ, ನಮಗೆ ಮೂವತ್ತೈದಕ್ಕೇ ಪಾಸು, ಬೆಂಡೆಕಾಯಿಗೆ ಅರವತ್ತೈದು ಬೇಕು!” ಎಂದ. ಆಗ ಎಸ್ಸೆಸ್ಸೆಲ್ಸಿಗೆ ಪಾಸಾಗಲು ಮೂವತ್ತೈದು ಸಾಕಿತ್ತು. “ಅದಕ್ಕೇ ಬೆಂಡೆಕಾಯಿ ತಿಂದರೆ ಲೆಕ್ಕ ಬರುತ್ತೆ ಅನ್ನೋದು” ಎಂದರು ಮಾವ. ನನ್ನ ಯಜಮಾನರಿಗೆ ಮಾತ್ರ ನಗು ಬರಲಿಲ್ಲ. ಅವರಿಗೆ ಆ ವರ್ಷ ಯಾವುದಕ್ಕೂ ನಗು ಬರುತ್ತಿರಲಿಲ್ಲ. ಮಗ ಎಸ್ಸೆಸ್ಸೆಲ್ಸಿಯಲ್ಲಿರುವ ತಂದೆಯರನ್ನು ನೀವು ನೋಡಿರುತ್ತೀರಿ.

ಮಾವನವರಿಗೆ ಈ ಹುಚ್ಚು ಹಿಡಿದದ್ದು ಅಂಚೆ ಕಚೇರಿಯಲ್ಲಿ. ಅವರು ಮಾಗಡಿ ಕಡೆಯವರು. 1971ರಲ್ಲಿ ಸೇರಿ ಮೂವತ್ತೈದು ವರ್ಷ ಅಂಚೆ ಇಲಾಖೆಯಲ್ಲಿ ದುಡಿದವರು. ಆ ಕಾಲದಲ್ಲಿ ಪುಣೆಯ ಪೋಚಾ ಕಂಪನಿಯ ಬೀಜದ ಕ್ಯಾಟಲಾಗು ಅಂಚೆಯಲ್ಲಿ ಬರುತ್ತಿತ್ತು. ಎಸ್ಟೇಟಿನವರಿಗೆ, ದೊಡ್ಡ ಅಧಿಕಾರಿಗಳ ಮನೆಗಳಿಗೆ ಬಂದದ್ದನ್ನು ಬಟವಾಡೆಗೆ ವಿಂಗಡಿಸುವಾಗ ಇವರ ಕಣ್ಣು ಅದರ ಮೇಲೆ ಬಿತ್ತು. ಒಂದು ಕಾರ್ಡು ಬರೆದು ತಾವೂ ತರಿಸಿಕೊಂಡರು. ವಿ.ಪಿ.ಪಿ.ಯಲ್ಲಿ ಬಂದ ಮೊದಲ ಬೀಜದ ಪೊಟ್ಟಣಕ್ಕೆ ತಾವೇ ದುಡ್ಡು ಕಟ್ಟಿ, ತಾವೇ ರಸೀತಿ ಬರೆದು, ತಾವೇ ಪಡೆದುಕೊಂಡ ಕತೆಯನ್ನು ಈಗಲೂ ಹೇಳುತ್ತಾರೆ. ಅವರ ತಾಯಿಗೆ ಅದು ದೊಡ್ಡ ಸೋಜಿಗ. ಬೀಜಕ್ಕೆ ಯಾರಾದರೂ ದುಡ್ಡು ಕೊಡುತ್ತಾರೆಯೆ? ಸೋರೆಯ ಬುರುಡೆಯಲ್ಲಿ ಒಲೆಯ ಮೇಲೆ ತೂಗುಹಾಕಿದ್ದ ಬೀಜ, ಬೂದಿಯಲ್ಲಿ ಹೊರಳಿಸಿಟ್ಟ ಅವರೆ, ಸಗಣಿಯಲ್ಲಿ ಸೇರಿಸಿ ಗೋಡೆಗೆ ತಟ್ಟಿದ ಸೌತೆ ಬೀಜ, ಇವಿಷ್ಟೇ ಆ ಮನೆಯ ಬೀಜದ ಅಂಗಡಿ.

ಆ ಅಜ್ಜಿಯ ಉಪಾಯಗಳ ಹಿಂದೆ ವಿಜ್ಞಾನವೂ ಇತ್ತು. ಬೀಜದ ಶತ್ರುಗಳು ಎರಡು, ತೇವ ಮತ್ತು ಶಾಖ. ಬೀಜದೊಳಗಿನ ತೇವ ಶೇಕಡಾ ಒಂದರಷ್ಟು ಇಳಿದರೆ ಅದರ ಆಯುಸ್ಸು ಸುಮಾರು ಎರಡರಷ್ಟಾಗುತ್ತದೆ. ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಹಾಗೆಯೇ. ಇದು ಹ್ಯಾರಿಂಗ್ಟನ್ ಎಂಬ ವಿಜ್ಞಾನಿಯ ಹೆಸರಿನಲ್ಲಿರುವ ಅಂದಾಜು ಸೂತ್ರ. ಒಲೆಯ ಮೇಲಿನ ಬುರುಡೆಯಲ್ಲಿ ಶಾಖವಿದ್ದರೂ ತೇವವಿರಲಿಲ್ಲ, ಹೊಗೆಗೆ ಹುಳವೂ ಬರುತ್ತಿರಲಿಲ್ಲ. ನಮ್ಮ ಫ್ರಿಜ್ಜಿನ ಡಬ್ಬದಲ್ಲಿ ಎರಡೂ ಕಡಿಮೆ. ಮಾವನವರು ಒಳಗೆ ಒಂದು ಚಿಕ್ಕ ಬಟ್ಟೆಯ ಗಂಟಿನಲ್ಲಿ ಹುರಿದ ಅಕ್ಕಿ ಇಟ್ಟಿರುತ್ತಾರೆ, ತೇವ ಹೀರಲೆಂದು. ಆದರೂ ಎಲ್ಲ ಬೀಜದ ಆಯುಸ್ಸು ಒಂದೇ ಅಲ್ಲ. ಈರುಳ್ಳಿ ಬೀಜ ವರ್ಷ ದಾಟುವುದೇ ಕಷ್ಟ, ಟೊಮೆಟೊ, ಸೌತೆ ನಾಲ್ಕೈದು ವರ್ಷ ತಡೆಯುತ್ತವೆ.

ಹಾಗಿದ್ದರೆ ವರ್ಷವರ್ಷವೂ ಕೊಳ್ಳುವುದೇಕೆ, ಬೆಳೆದ ಹಣ್ಣಿನ ಬೀಜ ತೆಗೆದಿಟ್ಟುಕೊಳ್ಳಬಾರದೆ? ಇದನ್ನು ನನಗೆ ತಿಳಿಸಿದವನು ಮಗ. ಅವನ ವಿಜ್ಞಾನದ ಪುಸ್ತಕದಲ್ಲಿ ಮೆಂಡೆಲ್‌ನ ಬಟಾಣಿ ಗಿಡಗಳ ಪಾಠವಿತ್ತು. ಎತ್ತರದ ಗಿಡ, ಕುಳ್ಳ ಗಿಡ, ಮೊದಲ ಪೀಳಿಗೆಯಲ್ಲಿ ಎಲ್ಲ ಎತ್ತರ, ಎರಡನೆಯದರಲ್ಲಿ ನಾಲ್ಕಕ್ಕೊಂದು ಕುಳ್ಳ. ಪೊಟ್ಟಣದ ಮೇಲೆ ‘ಎಫ್1’ ಎಂದಿದ್ದರೆ ಅದು ಆ ಮೊದಲ ಪೀಳಿಗೆ. ಅದರ ಹಣ್ಣಿನ ಬೀಜ ಬಿತ್ತಿದರೆ ಗುಣಗಳು ಚೆಲ್ಲಾಪಿಲ್ಲಿಯಾಗುತ್ತವೆ, ತಾಯಿಯಂತೆ ಮಗಳು ಎಂಬ ಗಾದೆ ಅಲ್ಲಿ ನಡೆಯುವುದಿಲ್ಲ. ಹೈಬ್ರಿಡ್ ತರಕಾರಿ ಬೀಜದ ಉದ್ಯಮ ನಮ್ಮ ದೇಶದಲ್ಲಿ ಬೇರೂರಿದ್ದರಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಮನಮೋಹನ ಅತ್ತಾವರ ಅವರು 1965ರಲ್ಲಿ ಇಂಡೋ–ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಟ್ಟಿದ್ದು ಇಲ್ಲಿಯೇ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ಬೆಂಡೆ ಹೈಬ್ರಿಡ್ ಅಲ್ಲ, ಅದರ ಬೀಜವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು. ಮಾವನವರು ಇಟ್ಟುಕೊಂಡೂ ಇದ್ದಾರೆ, ಕೊಂಡೂ ಕೊಳ್ಳುತ್ತಾರೆ.

ಇಷ್ಟಾದರೂ ಮಾವನವರ ಜನವರಿಯ ಪಟ್ಟಿಗೆ ಇನ್ನೊಂದು ಕಾರಣವಿದೆ ಎಂದು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ನನ್ನ ನಾದಿನಿ ಇರುವುದು ಅಮೆರಿಕದ ಮಿನೆಸೊಟದಲ್ಲಿ. ಅಲ್ಲಿ ಜನವರಿ ಎಂದರೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ರಾತ್ರಿಗಳು. ಮನೆಯ ಹಿಂದಿನ ಅಂಗಳದ ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿ ಅದರ ಮೇಲೆ ಹಿಮ. ಆಗ ಅಂಚೆಯಲ್ಲಿ ಬಣ್ಣಬಣ್ಣದ ಬೀಜದ ಕ್ಯಾಟಲಾಗುಗಳು ಬರುತ್ತವೆ. ಹೊರಗೆ ಕೆಲಸವಿಲ್ಲ, ಹಸಿರು ಕಾಣುವುದಿಲ್ಲ, ಹೀಟರಿನ ಪಕ್ಕ ಕುಳಿತು ಟೊಮೆಟೊ ಚಿತ್ರ ನೋಡುತ್ತಿದ್ದರೆ ಯಾರ ಮನಸ್ಸು ತಾನೆ ಕರಗದು? ಅಲ್ಲಿಯವರಿಗೆ ಅದು ಎಷ್ಟು ದೊಡ್ಡ ಸಂಗತಿ ಎಂದರೆ, ‘ನ್ಯೂಯಾರ್ಕರ್’ ಪತ್ರಿಕೆಯ ಸಂಪಾದಕಿ ಕ್ಯಾಥರೀನ್ ವೈಟ್ 1958ರಲ್ಲಿ ಬೀಜದ ಕ್ಯಾಟಲಾಗುಗಳನ್ನು ಪುಸ್ತಕಗಳಂತೆಯೇ ಓದಿ ವಿಮರ್ಶೆ ಬರೆದರು. ಅದು ಲೇಖನಮಾಲೆಯಾಗಿ, ಅವರು ತೀರಿಕೊಂಡ ಮೇಲೆ 1979ರಲ್ಲಿ ಪುಸ್ತಕವೂ ಆಯಿತು. ಅವರ ಲೆಕ್ಕ ಸರಿಯಾದದ್ದೇ. ಜನವರಿಯಲ್ಲಿ ತರಿಸಿದ ಬೀಜವನ್ನು ಮಾರ್ಚಿಯಲ್ಲಿ ಮನೆಯೊಳಗೆ ದೀಪದ ಕೆಳಗೆ ಮೊಳೆಸಿ, ಮೇ ತಿಂಗಳ ನಡುವೆ ಹಿಮದ ಭಯ ಕಳೆದ ಮೇಲೆ ಹೊರಗೆ ನೆಡುತ್ತಾರೆ. ಮುಂದೆ ಮಳೆಯೂ ಉಂಟು, ಹದವಾದ ಬಿಸಿಲೂ ಉಂಟು. ಅದು ಅವರ ವಸಂತ.

ನಮ್ಮ ಪಂಚಾಂಗದಲ್ಲೂ ವಸಂತವಿದೆ. ಚೈತ್ರ, ವೈಶಾಖ. ಆದರೆ ನಮ್ಮ ವಸಂತ ಮರಗಳಿಗೆ ಮೀಸಲು. ಬೇರು ಆಳಕ್ಕಿಳಿದ ಹೊಂಗೆ, ಮಾವು, ಬೇವು ಉರಿಬಿಸಿಲಿನಲ್ಲೇ ಚಿಗುರಿ ಹೂ ಬಿಡುತ್ತವೆ. ಅಂಗೈಯಗಲದ ಕುಂಡದಲ್ಲಿ ಬೇರು ಮಡಚಿಕೊಂಡು ಕುಳಿತ ಗಿಡಕ್ಕೆ ಅದು ವಸಂತವಲ್ಲ, ಬೇಸಿಗೆ. ನಮ್ಮ ಹಿರಿಯರು ಅದಕ್ಕೇ ಗಿಡದ ಆಸೆಯನ್ನು ಮುಂಗಾರಿಗೆ ಇಟ್ಟುಕೊಂಡಿದ್ದರು. ಮಲೆನಾಡಿನ ಹೆಂಗಸರು ಮಳೆ ಹಿಡಿದ ಮೇಲೆ ನೆಂಟರ ಮನೆಗೆ ಹೋದರೆ ಸೆರಗಿನ ಮರೆಯಲ್ಲಿ ಡೇರೆ ಗೆಡ್ಡೆಯೋ ದಾಸವಾಳದ ಕಡ್ಡಿಯೋ ಇಲ್ಲದೆ ವಾಪಸು ಬರುತ್ತಿರಲಿಲ್ಲ. ಜನವರಿಯ ಆಸೆ ನಮಗೆ ಕ್ಯಾಟಲಾಗಿನ ಜೊತೆಯಲ್ಲಿ ಬಂದದ್ದು ಎಂದು ನನ್ನ ಅನುಮಾನ.

ಇರಲಿ. ಮಾವನವರು ಮಾತು ಕಡಿಮೆಯ ಮನುಷ್ಯ. ಅತ್ತೆ ಇದ್ದಾಗ ಮಗಳ ಜೊತೆ ಫೋನಿನಲ್ಲಿ ಮಾತೆಲ್ಲ ಅವರದೇ. ಮಾವನವರದು “ಊಟ ಆಯ್ತಾ? ಚಳಿ ಹೇಗಿದೆ? ತಗೋ, ನಿಮ್ಮಮ್ಮನಿಗೆ ಕೊಡ್ತೀನಿ.” ಅತ್ತೆ 2017ರಲ್ಲಿ ಹೋದ ಮೇಲೆ ಫೋನು ಕೊಡಲು ಯಾರೂ ಇರಲಿಲ್ಲ. ಊಟ ಆಯಿತೇ, ಚಳಿ ಹೇಗಿದೆ ಎಂದು ಕೇಳಿ ಮುಗಿದ ಮೇಲೆ ಇಬ್ಬರೂ ಸುಮ್ಮನೆ ಉಸಿರಾಡುವುದು ನನಗೆ ಅಡಿಗೆಮನೆಗೆ ಕೇಳಿಸುತ್ತಿತ್ತು. ಒಂದು ಜನವರಿಯಲ್ಲಿ ಅವಳು ಮಾತಿಗೆ ಮಾತು ಸಿಗದೆ, ತನ್ನ ಮುಂದಿದ್ದ ಕ್ಯಾಟಲಾಗಿನಿಂದ ಓದಲು ಶುರು ಮಾಡಿದಳಂತೆ. ಇವರು ತಮ್ಮ ಪಟ್ಟಿ ತೆಗೆದರು. ಅಂದು ಮುಕ್ಕಾಲು ಗಂಟೆ ಮಾತು ನಡೆಯಿತು. ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ, ಅಂದರೆ ಅವಳ ಶನಿವಾರ ರಾತ್ರಿ, ಅಪ್ಪ ಮಗಳು ಬೀಜದ ಮಾತು.

ಅವರೆಕಾಯಿಯ ಪ್ರಕರಣ ಬಂದದ್ದು ಅದರಲ್ಲೇ. ಮಾಗಡಿ ಕಡೆಯವರಿಗೆ ಪುಷ್ಯದಲ್ಲಿ ಅವರೆಯ ಸೊಗಡು ಮೂಗಿಗೆ ಬೀಳದಿದ್ದರೆ ವರ್ಷ ತುಂಬಿದಂತಲ್ಲ. ಊರಿನ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಜಾತಿ. ಯಾವಾಗ ಬಿತ್ತಿದರೂ ಅದು ಚಳಿಗಾಲ ಕಾಯುತ್ತದೆ. ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬಿಡುವ ‘ಹೆಬ್ಬಾಳ ಅವರೆ’ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆಮೇಲೆ ಕೊಟ್ಟಿತು. ಮಗಳಿಗೆ ಸ್ವಲ್ಪ ಬೀಜ ಲಕೋಟೆಯಲ್ಲಿ ಕಳಿಸೋಣವೆಂದು ಮಾವನವರು ಹೊರಟರು. ಅವಳು ಬೇಡವೆಂದಳು. ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದ ಹೊರಗಿನ ಬೀಜವನ್ನು ಅಲ್ಲಿ ಒಳಗೆ ಬಿಡುವುದಿಲ್ಲ. “ರೂಲ್ಸು ಅಂದ್ರೆ ರೂಲ್ಸು” ಎಂದು ಲಕೋಟೆಯನ್ನು ಮತ್ತೆ ಡಬ್ಬದಲ್ಲಿಟ್ಟರು. ಅಂಚೆ ಇಲಾಖೆಯವರಲ್ಲವೆ.

2024ರ ಜನವರಿಯಲ್ಲಿ ಅವಳು ಫೋನು ಮಾಡಿ, “ಅಪ್ಪಾ, ಇಲ್ಲಿನ ಕ್ಯಾಟಲಾಗಿನಲ್ಲಿ ನಮ್ಮ ಅವರೆ ಇದೆ!” ಎಂದಳು. ಇರುವುದೇನೋ ನಿಜ, ಆದರೆ ತರಕಾರಿಯ ಪುಟದಲ್ಲಲ್ಲ, ಹೂಬಳ್ಳಿಗಳ ಪುಟದಲ್ಲಿ. ನೇರಳೆ ಹೂ, ನೇರಳೆ ಕಾಯಿಯ ಅಂದಕ್ಕಾಗಿ ಅವರು ಅದನ್ನು ಚಪ್ಪರಕ್ಕೆ ಹಬ್ಬಿಸುತ್ತಾರೆ. ಅಧ್ಯಕ್ಷ ಥಾಮಸ್ ಜೆಫರ್ಸನ್ ಇದ್ದ ಮಾಂಟಿಸೆಲೊ ಮನೆಯ ತೋಟದಲ್ಲೂ ಅದರ ಚಪ್ಪರವಿದೆ. ಜೊತೆಗೆ, ಬಲಿತ ಕಾಳನ್ನು ಹಸಿಯಾಗಿ ತಿನ್ನಬಾರದು, ವಿಷ ಎಂಬ ಎಚ್ಚರಿಕೆ ಬೇರೆ. ಅದೂ ಸುಳ್ಳಲ್ಲ, ನಾವು ಬೇಯಿಸಿ ತಿನ್ನುತ್ತೇವೆ. ಮಾವನವರಿಗೆ ಅದನ್ನು ಜೀರ್ಣಿಸಿಕೊಳ್ಳಲು ಎರಡು ಭಾನುವಾರ ಬೇಕಾಯಿತು. ಇದುಕಿದ ಬೇಳೆಯ ಸಾರನ್ನು ಒಂದು ದೇಶದ ಜನ ಸುಮ್ಮನೆ ನೋಡುತ್ತ ನಿಲ್ಲುತ್ತಾರೆಂದರೆ!

ಅಷ್ಟರಲ್ಲಿ ಮಾರ್ಚಿ ಬಂತು. ಹಿಂದಿನ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಬೆಂಗಳೂರಿನ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದವು, ನಮ್ಮ ಬಡಾವಣೆಯದೂ ನಿಂತಿತು. ಟ್ಯಾಂಕರಿನವರು ಫೋನು ಎತ್ತಿದ ದಿನ ಹಬ್ಬ. ಮಾರ್ಚಿ ಎರಡನೇ ವಾರದ ಹೊತ್ತಿಗೆ, ಕುಡಿಯುವ ನೀರನ್ನು ಗಿಡಕ್ಕೆ, ವಾಹನ ತೊಳೆಯಲು, ಕಟ್ಟಡ ಕೆಲಸಕ್ಕೆ ಬಳಸಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿಯ ಆದೇಶವೂ ಹೊರಟಿತು. ಮಗನ ಪರೀಕ್ಷೆ ಮಾರ್ಚಿ 25ಕ್ಕೆ.

ಮನೆಯಲ್ಲಿ ಯಾರೂ ಮಾವನವರಿಗೆ ಏನೂ ಹೇಳಲಿಲ್ಲ. ಹೇಳುವ ಧೈರ್ಯವೂ ನನಗಿರಲಿಲ್ಲ. ಆದರೆ ಬಕೆಟ್ಟಿನ ಶಬ್ದಕ್ಕೆ ಎಲ್ಲರ ಕಿವಿ ನೆಟ್ಟಗಾಗುತ್ತಿತ್ತು. ಅವರೇ ಒಂದು ಸಂಜೆ ಮೊಮ್ಮಗನನ್ನು ಕರೆದು ಲೆಕ್ಕ ಹಾಕಿಸಿದರು. ಒಂದು ಕುಂಡಕ್ಕೆ ದಿನಕ್ಕೆ ಒಂದು ಲೀಟರ್ ಎಂದರೂ ಮೂವತ್ತನಾಲ್ಕು ಲೀಟರ್, ಎರಡು ಬಕೆಟ್ಟಿಗೂ ಮೇಲೆ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ನಾನು ಎರಡು ದಿನ ಅಳೆದು ನೋಡಿದ್ದು ಹನ್ನೆರಡು ಲೀಟರಿನಷ್ಟು. “ಹಾಗಾದರೆ ಹನ್ನೆರಡು ಕುಂಡ” ಎಂದರು. ಮರುದಿನ ಬೆಳಿಗ್ಗೆ ನಾನು ಮೇಲೆ ಹೋಗುವಷ್ಟರಲ್ಲಿ ಇಪ್ಪತ್ತೆರಡು ಕುಂಡ ಒಂದು ಮೂಲೆಗೆ ಸರಿದಿದ್ದವು. ಪೆಟೂನಿಯಗಳನ್ನು ಕಿತ್ತು, ಮಣ್ಣು ಕೊಡವಿ, ಒಣಗಿದ ಎಲೆಯ ಜೊತೆ ಗೊಬ್ಬರದ ಡ್ರಮ್ಮಿಗೆ ಹಾಕಿದ್ದರು. ಸ್ವೀಟ್ ಪೀ ಗೇಣುದ್ದ ಎದ್ದು ಆಗಲೇ ಹಳದಿಯಾಗಿತ್ತು, ಅದೂ ಹೋಯಿತು. ಉಳಿದದ್ದು ಬೆಂಡೆ ಎಂಟು, ಹೀರೆ ಎರಡು, ತುಳಸಿ, ಅತ್ತೆ ನೆಟ್ಟಿದ್ದ ಮಲ್ಲಿಗೆ.

“ಓದೋ ಹುಡುಗನಿಗೆ ಸ್ನಾನಕ್ಕೆ ನೀರಿಲ್ಲ ಅಂದ್ರೆ, ಹೂವು ನೋಡ್ಕೊಂಡು ಕೂರೋಕಾಗುತ್ತೇನಮ್ಮ” ಎಂದರು. ಅಷ್ಟೇ. ಅವರ ಮುಖದಲ್ಲಿ ಬೇಸರ ಕಾಣಲಿಲ್ಲ. ಡಬ್ಬವನ್ನು ಮಾತ್ರ ಫ್ರಿಜ್ಜಿನ ಹಿಂಭಾಗಕ್ಕೆ ತಳ್ಳಿದರು, ನಡುವೆ ಹಿಟ್ಟಿನ ಪಾತ್ರೆ ಬಂದು ಅದು ಕಾಣದಾಯಿತು.

ಅದರ ಪರಿಣಾಮ ಬೇರೆ ಕಡೆ ಕಂಡಿತು. ಎರಡು ವಾರ ಕಳೆದ ಮೇಲೆ ನಾದಿನಿ ನನಗೆ ಪ್ರತ್ಯೇಕವಾಗಿ ಫೋನು ಮಾಡಿದಳು.

“ಅತ್ತಿಗೆ, ಅಪ್ಪನ ಆರೋಗ್ಯ ಸರಿಯಾಗಿದೆ ತಾನೆ? ಮತ್ತೆ ಊಟ ಆಯ್ತಾ, ಚಳಿ ಹೇಗಿದೆ ಅಂತ ಶುರು ಮಾಡಿದ್ದಾರೆ. ಮೂರು ನಿಮಿಷಕ್ಕೆ ಇಟ್ಟುಬಿಡ್ತಾರೆ.”

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೀರಿನ ಸುದ್ದಿಯನ್ನು ಅವಳೂ ಓದಿದ್ದಳು, ಆದರೆ ಅದು ತನ್ನ ಶನಿವಾರ ರಾತ್ರಿಯವರೆಗೂ ಬರುತ್ತದೆಂದು ಅವಳಿಗೆ ಹೊಳೆದಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಮುಂದಿನ ಭಾನುವಾರ ಅವಳು ಅಪ್ಪನಿಗೆ ಕಷ್ಟಗಳ ಪಟ್ಟಿಯನ್ನೇ ಒಪ್ಪಿಸಿದಳು. ಮೆಣಸಿನ ಬೀಜ ಹಾಕಿ ಹತ್ತು ದಿನವಾದರೂ ಮೊಳೆತಿಲ್ಲ. ಅವರೆ ಬೀಜ ಯಾವಾಗ ಹಾಕಲಿ, ನೆನೆಸಬೇಕೆ, ಎಷ್ಟು ಹೊತ್ತು, ಕಣ್ಣು ಮೇಲೋ ಕೆಳಗೋ? ಇವೆಲ್ಲ ಅವಳಿಗೆ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಹತ್ತು ವರ್ಷದಿಂದ ಗಿಡ ಬೆಳೆಸುತ್ತಿದ್ದಾಳೆ. ಆದರೆ ಮಾವನವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಮೆಣಸಿಗೆ ಬೆಚ್ಚಗಿರಬೇಕು, ಫ್ರಿಜ್ಜಿನ ಮೇಲಿಡು. ಅವರೆಯನ್ನು ಒಂದು ರಾತ್ರಿ ನೆನೆಸು, ಏಪ್ರಿಲ್ ನಡುವೆ ಹಾಕು, ಬೇರು ಕದಲಿದರೆ ಅದಕ್ಕೆ ಆಗದು, ಕರಗುವ ಕಾಗದದ ಲೋಟ ಸಿಕ್ಕರೆ ಅದರಲ್ಲೇ ಹಾಕು, ಲೋಟದ ಸಮೇತ ನೆಡಬಹುದು. ಮಿನೆಸೊಟದ ಅಂಗಳಕ್ಕೆ ಬೆಂಗಳೂರಿನಿಂದ ಮೇಸ್ತ್ರಿಕೆ ಶುರುವಾಯಿತು. ಅಲ್ಲಿನ ಮಣ್ಣಿನ ಶಾಖ, ಬೆಳಕಿನ ಹೊತ್ತು, ಕೊನೆಯ ಹಿಮದ ತಾರೀಖು ಎಲ್ಲ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಲ್ಲಿ ಬರೆದವು. ಪರೀಕ್ಷೆಯ ತಾರೀಖುಗಳು ಕೆಂಪಿನಲ್ಲಿ, ಅದರ ಪಕ್ಕದಲ್ಲೇ.

ಆ ಏಪ್ರಿಲ್‌ನಲ್ಲಿ ಬೆಂಗಳೂರು ನಗರಕ್ಕೆ ಮಳೆಯೇ ಬೀಳಲಿಲ್ಲ. 28ನೇ ತಾರೀಖು ಉಷ್ಣತೆ 38.5 ಡಿಗ್ರಿ ಮುಟ್ಟಿತು. ಹನ್ನೆರಡು ಕುಂಡಗಳಲ್ಲಿ ಒಂದು ಹೀರೆ ಸತ್ತಿತು. ಬೆಂಡೆ ಮಾತ್ರ ಆ ಬಿಸಿಲನ್ನು ಲೆಕ್ಕಿಸದೆ ಅಕ್ಕಿ ತೊಳೆದ ನೀರು ಕುಡಿದುಕೊಂಡು ವಾರಕ್ಕೊಂದು ಪಲ್ಯಕ್ಕಾಗುವಷ್ಟು ಕಾಯಿ ಬಿಟ್ಟಿತು. ಮೇ 9ರಂದು ಫಲಿತಾಂಶ ಬಂತು. ಮಗ ತಾತನ ಬೆಂಡೆಯನ್ನು ದಾಟಿದ್ದ, ಅಷ್ಟು ಹೇಳಿದರೆ ಸಾಕು.

ಅದೇ ವಾರ ಇಬ್ಬರೂ ಡಬ್ಬ ಹೊರಗೆ ತೆಗೆದರು. ಕೊಳ್ಳುವುದಕ್ಕಲ್ಲ, ಲೆಕ್ಕಕ್ಕೆ. ಪ್ರತಿ ಪೊಟ್ಟಣದಿಂದ ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಹೆಸರಿನ ಚೀಟಿ ಸಿಕ್ಕಿಸಿ, ಮುಚ್ಚಿದ ಡಬ್ಬಿಯಲ್ಲಿಟ್ಟರು. ಹತ್ತರಲ್ಲಿ ಎಷ್ಟು ಮೊಳೆಯುತ್ತವೋ ಅದೇ ಆ ಬೀಜದ ಅಂಕ. ರಜೆಯಲ್ಲಿ ಮಕ್ಕಳ ಕೈಗೆ ಕೊಡಬಹುದಾದ ಇಂಥ ಅಗ್ಗದ ಪ್ರಯೋಗ ಇನ್ನೊಂದಿಲ್ಲ. ಪ್ರಯೋಗಾಲಯವೂ ಬೇಡ, ದುಡ್ಡೂ ಬೇಡ. ಬೆಂಡೆ ಎಂಟು, ಹೀರೆ ಏಳು, ಎರಡು ವರ್ಷದ ಹಿಂದಿನ ಟೊಮೆಟೊ ಎಂಟು. ಈರುಳ್ಳಿ ಸೊನ್ನೆ. ಜನವರಿಯಲ್ಲಿ ಮೂವತ್ತು ರೂಪಾಯಿ ಕೊಟ್ಟು ತಂದಿದ್ದ ಒಂದು ಪೊಟ್ಟಣದಲ್ಲಿ ಹತ್ತಕ್ಕೆ ಎರಡು. ಅದರ ಚೀಟಿಯ ಮೇಲಿದ್ದ ಅವಧಿ ಕೊಳ್ಳುವ ಮೊದಲೇ ಮುಗಿದಿತ್ತೆಂದು ಆಗ ಗೊತ್ತಾಯಿತು. ಪೊಟ್ಟಣ ಕೊಳ್ಳುವಾಗ ಚಿತ್ರದ ಕಡೆಗಲ್ಲ, ಹಿಂಬದಿಯ ಪರೀಕ್ಷೆಯ ತಾರೀಖಿನ ಕಡೆ ನೋಡಬೇಕೆಂದು ಮೊಮ್ಮಗ ತಾತನಿಗೆ ಪಾಠ ಹೇಳಿದ. ತಾತ ವಿದ್ಯಾರ್ಥಿಯಂತೆ ತಲೆಯಾಡಿಸಿದರು.

ಜೂನ್ 2ರಂದು ರೋಹಿಣಿ ಮಳೆ ಸುರಿಯಿತು. ಸುರಿಯಿತು ಎಂದರೆ ಸಾಲದು, ಒಂದೇ ದಿನ 111.1 ಮಿಲಿಮೀಟರ್. ಜೂನ್ ತಿಂಗಳಲ್ಲಿ 133 ವರ್ಷಗಳಲ್ಲಿ ಬೆಂಗಳೂರು ಕಾಣದ ಮಳೆ. ಊರಿನಲ್ಲಿ ಮರಗಳು ಉರುಳಿದವು, ರಸ್ತೆಗಳು ಹೊಳೆಯಾದವು. ನಮ್ಮ ತಾರಸಿಯ ಮೂಲೆಯಲ್ಲಿ ಮೂರು ತಿಂಗಳು ಬರಿದಾಗಿ ನಿಂತಿದ್ದ ಇಪ್ಪತ್ತೆರಡು ಕುಂಡಗಳು ಕಂಠಮಟ್ಟ ತುಂಬಿದ್ದವು. ಮಾವನವರು ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ, ಒಂದೊಂದನ್ನೇ ವಾಲಿಸಿ ನೀರು ಬಸಿದು ಸಾಲಿಗೆ ತಂದರು. ಹದ ಬಂದ ಮೇಲೆ ಬಿತ್ತಿದ್ದೆಲ್ಲ ಡಬ್ಬದಲ್ಲಿ ಪಾಸಾದ ಬೀಜವೇ. ಪೊಟ್ಟಣ ಬರಿದಾಗುತ್ತ ಬಂದಂತೆ ಅವರಿಗೆ ಸ್ವಲ್ಪ ಕಸಿವಿಸಿ ಆದದ್ದೂ ನಿಜ. “ಜನವರಿಗೆ ಡಬ್ಬ ಖಾಲಿ ಆಗುತ್ತಲ್ಲಮ್ಮ” ಎಂದರು. “ಖಾಲಿ ಆದರೆ ಲಾಲ್‌ಬಾಗ್ ಇದೆಯಲ್ಲ ಮಾವ” ಎಂದೆ. ಯಜಮಾನರು ಪೇಪರಿನಿಂದ ತಲೆ ಎತ್ತಿ ನನ್ನನ್ನು ನೋಡಿದರು.

ನಾದಿನಿಯ ಅವರೆ ಬಳ್ಳಿ ಬೇಲಿಯ ಮೇಲೆ ಎಂಟು ಅಡಿ ಹಬ್ಬಿತು. ಬೇಸಿಗೆಯುದ್ದಕ್ಕೂ ಬರೀ ಎಲೆ. ಅಲ್ಲಿ ಜೂನ್–ಜುಲೈಯಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು, ಅವರೆಗೆ ಹಗಲು ಗಿಡ್ಡವಾಗುವುದು ಯಾವಾಗ? “ಕಾಯಿಸುತ್ತೆ, ಕಾದಿರು” ಎಂದು ಇವರು ಧೈರ್ಯ ಹೇಳುತ್ತ ಬಂದರು. ಸೆಪ್ಟೆಂಬರಿನಲ್ಲಿ ಹೂ ಬಿಟ್ಟಿತು. ನೇರಳೆ ಬಣ್ಣದ ಹೂವಿನ ಫೋಟೊ ಬಂದಾಗ ಮಾವನವರು ಅದನ್ನು ಹಾಲಿನವನಿಗೂ ತೋರಿಸಿದರು. ಅಕ್ಟೋಬರ್ ಮೊದಲ ವಾರ, ಕಾಯಿ ಬೆರಳುದ್ದವಾಗುವಷ್ಟರಲ್ಲಿ ಅಲ್ಲಿ ಹಿಮ ಬೀಳುವ ಸೂಚನೆ ಬಂತು. ನಮ್ಮಲ್ಲಿ ಬೆಳಿಗ್ಗೆ ಆರೂವರೆ, ಭಾನುವಾರವೂ ಅಲ್ಲ. ಫೋನು ಬಾರಿಸಿತು.

“ಹಳೇ ಬೆಡ್‌ಶೀಟ್ ಇದ್ಯಾ? ಪ್ಲಾಸ್ಟಿಕ್ ಬೇಡ, ಬಟ್ಟೇದೇ ಹೊದಿಸು. ನೆಲದವರೆಗೂ ಬರಲಿ, ಮಣ್ಣಿನ ಶಾಖ ಒಳಗೇ ನಿಲ್ಲಬೇಕು. ಬೆಳಿಗ್ಗೆ ಬಿಸಿಲು ಬಂದ ತಕ್ಷಣ ತೆಗಿ” ಎಂದು ಒಂದೇ ಉಸಿರಿಗೆ ಹೇಳುತ್ತಿದ್ದರು. ಆಮೇಲೆ ಒಂದು ಕ್ಷಣ ನಿಂತು, ಧ್ವನಿ ತಗ್ಗಿಸಿ ಕೇಳಿದರು:

“ಪುಟ್ಟೀ, ಒಂದು ಕಾಯಿ ಕಿತ್ತು ಮುರಿದು ನೋಡು. ಸೊಗಡು ಬರುತ್ತಾ?”